ಒಂದು ತಾಸು ಲೈಟು

ನಮ್ಮ ಕ್ಲಬ್ಬಿನ ಕಿರ್ದಿ ಬರೆಯುವವ ನಾನು.
ಬ್ಯಾಗು ಅರವತ್ತು, ಕಂಪಾಸ್ ಪೆಟ್ಟಿಗೆ ಅರವತ್ತು,
ಹಾರ, ಶಾಲು, ಪೇಡೆ ಬೇರೆ ಕಲಮಿಗೆ.
ಬ್ಯಾಡಗಿ ಪೇಟೆ, ಪಟ್ಟಣಶೆಟ್ಟರ ಗೋದಾಮಿನ ಮುಂದೆ
ಫೋಟೋದವ "ಸ್ವಲ್ಪ ನಗ್ರೆಪಾ" ಅಂದ.
ನಕ್ಕವರು ನಾವೇ. ಹುಡುಗರು ಸೀನಿದರು.

ಫಕ್ಕೀರವ್ವ, ಹತ್ತನೇತ್ತೆ,
ಸಾಲಿ ಬಿಟ್ಟ ಮೇಲೆ ಅವ್ವನ ಮಗ್ಗುಲಲ್ಲಿ ಕೂತು
ಮೆಣಸಿನಕಾಯಿ ತುಂಬು ಮುರಿಯುವವಳು,
ಬ್ಯಾಗು ಇಸಗೊಂಡು ಕೆಳಗಿಳಿಯಲಿಲ್ಲ:
"ಸರ, ಗೋದಾಮಿನ ಲೈಟು ಎಂಟಕ್ಕ ಬಂದ್ ಮಾಡ್ತಾರ.
ಒಂಬತ್ತರ ತನಕ ಇಡಾಕ ಹೇಳ್ರಿ."
ಶೆಟ್ಟರು ಕೆಮ್ಮಿದರು.
ಆ ಊರಲ್ಲಿ ಕೆಮ್ಮಿಗೆ ಬೇರೆ ಕಾರಣ ಬೇಕಿಲ್ಲ.

ಈಗ ಒಂಬತ್ತರ ತನಕ ಬಲ್ಬು.
ಖಾಲಿ ಚೀಲಗಳ ಮೇಲೆ ಹನ್ನೊಂದು ಮಕ್ಕಳು.
ಇಂಗ್ಲಿಷು ಪೋಸ್ಟಿನ ಕಮಲಾಕ್ಷಿಬಾಯಿಯದು, ಗಣಿತ ನನ್ನದು.
ಗೋಡೆಯ ಮೇಲೆ ಕರ್ಣ ಎಳೆದರೆ
ಸೀಮೆಸುಣ್ಣದ ಜೊತೆ ಕೆಂಪು ಧೂಳೂ ಉದುರುತ್ತದೆ.

ನಿನ್ನೆ ಅವಳ ನೋಟ್‌ಬುಕ್ಕು ಮನೆಗೆ ತಂದು ತಿದ್ದುತ್ತ
ಮರೆತು ಕಣ್ಣುಜ್ಜಿಕೊಂಡೆ.
ಉರಿ ಅಂದರೆ ಉರಿ.
ಹೆಂಡತಿ ತಂಬಿಗೆ ಹಿಡಿದು ಬಂದಳು,
"ಯಾಕ್ರಿ, ಅಳಾಕತ್ತೀರೇನು?"
"ಇಲ್ಲ, ವರ್ಗಸಮೀಕರಣ" ಅಂದೆ.
ಎರಡೂ ಮೂಲ ಸರಿಯಾಗಿ ಬಂದಿದ್ದವು.
ಈ ಹುಡುಗಿ ಕಣ್ಣುಜ್ಜದೆ ಓದುವುದನ್ನು
ಯಾವ ವಯಸ್ಸಿಗೆ ಕಲಿತಳೋ.

ತಿಂಗಳ ಕೊನೆ. ಕಿರ್ದಿ ತೆಗೆದೆ.
ವಿದ್ಯುತ್, ದಿನಕ್ಕೆ ಒಂದು ತಾಸು.
ಎಷ್ಟಾಯಿತೆಂದು ಶೆಟ್ಟರು ಹೇಳಿಲ್ಲ, ನಾನೂ ಕೇಳಿಲ್ಲ.
ಜಮಾಕ್ಕೋ ಖರ್ಚಿಗೋ ತಿಳಿಯದೆ
ನಡುವಿನ ಗೆರೆಯ ಮೇಲೆಯೇ ಬರೆದೆ.
ಆಡಿಟಿನವ ಬಂದು ಕೇಳಲಿ,
ಗೋದಾಮಿಗೇ ಕರೆದೊಯ್ಯುತ್ತೇನೆ, ಎಂಟರ ಮೇಲೆ.