ಗಾಳಿ ಹೋಯಿತಾ

ಮೆಗ್ಗಾನ್ ಆಸ್ಪತ್ರೆ. ಹೊಲಿಗೆ ಹಾಕಿ ನಾಲ್ಕನೇ ದಿನ.
ಜೆಸಿಂತಾ ಸಿಸ್ಟರ್ ಹೊಟ್ಟೆಗೆ ಕೊಳವೆಯಿಟ್ಟು ಆಲಿಸುತ್ತಾರೆ,
ನಲ್ಲಿಯಲ್ಲಿ ನೀರು ಬಂತಾ ಎನ್ನುವವರ ಹಾಗೆ.
"ಗಾಳಿ ಹೋಯಿತಾ?"
ಇಲ್ಲ.

ಎದೆಯ ಫೋಟೋ ಚೊಕ್ಕ. ಕೆಮ್ಮಿಲ್ಲ, ಕಫವಿಲ್ಲ.
ಗ್ಯಾಸ್ಟ್ರಿಕ್ಕೆಂದು ಎಂಟು ತಿಂಗಳು ಸೋಡಾ ಕುಡಿದೆ.
ಟಿಬಿ ಕರುಳಲ್ಲೂ ಕೂರುತ್ತದೆಂದು ನನಗೇನು ಗೊತ್ತು?
ಆಯನೂರಿನ ಮೆಡಿಕಲ್‌ನವನಿಗೂ ಗೊತ್ತಿರಲಿಲ್ಲ.
ಒಂದು ಗೇಣು ಕತ್ತರಿಸಿದರಂತೆ.
ಡಬ್ಬಿಯಲ್ಲಿ ಹಾಕಿ ಇವನ ಕೈಗೇ ಕೊಟ್ಟರು,
ಲ್ಯಾಬಿಗೆ ಒಯ್ಯಲು.

ಆರು ವರ್ಷದ ಹಿಂದೆ
ಎಆರ್‌ಟಿ ಸೆಂಟರಿನ ಬೆಂಚಿನ ಮೇಲೆ
ನೆಲ ನೋಡುತ್ತ ಹೇಳಿದ್ದ,
"ಹೊಟ್ಟೆಗೆ ಹಾಕ್ಕೊ, ಚೌಡಿ."
ಅತ್ತೆ ಹೇಳಿದರು. ನನ್ನವ್ವನೂ ಹೇಳಿದಳು.
ಹಾಕಿಕೊಂಡೆ.
ದಿನಾ, ಅನ್ನಕ್ಕಿಂತ ಮೊದಲು ಅದನ್ನೇ.

ಹಾರನ್ನು ಬಿಟ್ಟರೆ
ಬೇರೇನೂ ಕಿವಿಗೆ ಬೀಳದ ಈ ಲಾರಿಯವನು
ಈಗ ಗಂಜಿಯ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು
ತಾಸಿಗೊಮ್ಮೆ ಬಗ್ಗುತ್ತಾನೆ,
ಪಕ್ಕದ ಮಂಚಕ್ಕೆ ಕೇಳದ ಹಾಗೆ:
"ಹೋಯ್ತಾ?"

ಬೆಳಗಿನ ಜಾವ ಹೋಯಿತು.
ಸಣ್ಣ ಸದ್ದು, ಸೈಕಲ್ ಟ್ಯೂಬಿನದರಷ್ಟು.
ಒಬ್ಬಳೇ ನಕ್ಕೆ, ಹೊಲಿಗೆ ಹಿಡಿದುಕೊಂಡು.
ಮಂಚದ ಕೆಳಗೆ ಅವನು ಮಗ್ಗಲು ಬದಲಿಸಿದ,
ಎದ್ದ, ಬಗ್ಗಿದ, ಕೇಳಿದ.

ಹೇಳಲಿಲ್ಲ.
ಇನ್ನೊಂದೆರಡು ಸಲ ಕೇಳಲಿ.