ಇಪ್ಪತ್ತು ತೆತ್ರಿ

ಟ್ಬಿಲಿಸಿಯ ಮೆಟ್ರೋ ಬಾಯಿಯಲ್ಲಿ, ಸೂರ್ಯಕಾಂತಿ ಬೀಜ ಮಾರುವವಳ ಪಕ್ಕ
ನನ್ನ ತೂಕದ ಯಂತ್ರ. ಹಸಿರು ಬಣ್ಣ, ಒಂದು ಮೂಲೆ ತುಕ್ಕು.
ಹತ್ತಿ ನಿಂತವರಿಗೆ ಇಪ್ಪತ್ತು ತೆತ್ರಿ,
ಬೂಟು ಕಳಚಿದರೂ ಅಷ್ಟೇ, ಕಳಚದಿದ್ದರೂ ಅಷ್ಟೇ.

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದೆ.
ಪಿಂಚಣಿ ಔಷಧಿಗೆ ಸರಿಹೋಗುತ್ತದೆ, ಒಲೆಗೆ ಸಾಲದು.

ನಮ್ಮ ಕಟ್ಟಡದ ಲಿಫ್ಟಿಗೂ ಕಾಸು ಬೇಕು.
ಒಂದು ಬಿಲ್ಲೆ ನುಂಗದೆ ಮೇಲೇಳುವುದಿಲ್ಲ.
ಹತ್ತದಿರಲಿಕ್ಕೆ ಹತ್ತು ಕೊಡುತ್ತಾರೆ ಜನ,
ಆಮೇಲೆ ಇಲ್ಲಿಗೆ ಬಂದು
ಎಷ್ಟು ಹತ್ತಲಿಲ್ಲ ಎಂದು ತಿಳಿಯಲು ಇಪ್ಪತ್ತು.

ಜೆಮಾಲ್ ಪಿಯಾನೋ ಹೊರುತ್ತಿದ್ದ.
ಲಿಫ್ಟಿನಲ್ಲಿ ಹಿಡಿಸದ್ದೆಲ್ಲ ಅವನ ಬೆನ್ನಿಗೆ:
ಬೀರು, ಸೋಫಾ, ಒಮ್ಮೆ ಒಂಬತ್ತನೇ ಮಹಡಿಯಿಂದ
ಶವಪೆಟ್ಟಿಗೆ, ಒಳಗಿದ್ದವನ ಸಮೇತ.
ಹೊತ್ತಿಗೆ ಎರಡು ರೊಟ್ಟಿ, ದೋಣಿಯಾಕಾರದವು,
ಬಾವಿಯಂಥ ಒಲೆಯ ಗೋಡೆಗೆ ಬಡಿದು ಬೇಯಿಸಿದವು,
ಮೇಲೆ ಒಂದು ಬಟ್ಟಲು ಕೆಂಪು ಕಾಳು, ಭಾನುವಾರ ವೈನು.
ಬಂದದ್ದು ಬಂದಷ್ಟೇ ಹೋಗುತ್ತಿತ್ತು.
ಹನ್ನೊಂದು ವರ್ಷ ನನ್ನ ಮುಳ್ಳು ಅವನಿಗೆ ಎಂಬತ್ತೊಂದೇ ತೋರಿಸಿತು.

ಮಂಡಿ ಕೈಕೊಟ್ಟಿತು.
ಕಾರು ನಿಲ್ಲಿಸುವ ಅಂಗಳದ ಕಾವಲಿಗೆ ಕೂತ.
ಊಟ ಅದೇ. ಹೊಟ್ಟೆಬಾಕ ಎನ್ನುವಂತಿಲ್ಲ ಯಾರೂ.
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ;
ಈ ಕುಡಿಕೆಯ ರೀತಿಯೇ ಬೇರೆ, ಕೂತು ಉಂಡಷ್ಟೂ ತುಂಬುತ್ತದೆ,
ದಿನಕ್ಕೊಂದು ಚಮಚ, ಸದ್ದಿಲ್ಲದೆ, ಮೂರು ವರ್ಷ.
ತೊಂಬತ್ತೆಂಟು.

ರೊಟ್ಟಿ ಬಿಟ್ಟ. ಏಳು ಕಿಲೋ ಇಳಿಯಿತು.
ಆಮೇಲೆ ಮುಳ್ಳು ತೊಂಬತ್ತೊಂದರಲ್ಲಿ ಕೂತುಬಿಟ್ಟಿತು,
ಈ ಸೋಮವಾರ, ಬರುವ ಸೋಮವಾರ, ಆರು ಸೋಮವಾರ.
"ನಿನ್ನ ಯಂತ್ರ ಕೆಟ್ಟಿದೆ, ತ್ಸಿಯಾಲಾ."
"ಬೀಜದವಳನ್ನು ನಿಲ್ಲಿಸಿ ನೋಡು."
ನೋಡಿದ. ಅವಳು ಅವಳಷ್ಟೇ ಇದ್ದಳು.

ಆಗ ಕೇಳಿದೆ: ತೊಂಬತ್ತೆರಡರ ಚಳಿಗಾಲ ನೆನಪಿದೆಯಾ?
ಕರೆಂಟಿಲ್ಲ, ಗ್ಯಾಸಿಲ್ಲ, ಲಿಫ್ಟು ನಡುವೆಲ್ಲೋ ನೇತಾಡುತ್ತಿತ್ತು.
ರೊಟ್ಟಿಗೆ ರಾತ್ರಿ ಎರಡಕ್ಕೇ ಸಾಲು.
ನನ್ನಮ್ಮ ಏನು ಮಾಡಿದಳು? ಸಾರಿಗೆ ನೀರು ಬೆರೆಸಿದಳು,
ಎರಡು ಕೋಣೆ ಮುಚ್ಚಿ ಎಲ್ಲರನ್ನೂ ಒಂದರಲ್ಲಿ ಮಲಗಿಸಿದಳು,
ಕುಣಿಯುವ ಮೊಮ್ಮಗನಿಗೆ ಗದರಿದಳು:
ಸುಮ್ಮನೆ ಕೂರು, ಹಸಿವಾಗುತ್ತದೆ.
ನಿನ್ನೊಳಗೂ ಅಂಥವಳೊಬ್ಬಳು ಇದ್ದಾಳೆ ಜೆಮಾಲ್.
ಹಿಟ್ಟಿನ ಚೀಲ ತಗ್ಗಿದ್ದು ಕಂಡಳು, ದೀಪ ಸಣ್ಣ ಮಾಡಿದಳು.
ಬೆರಳು ಮುಟ್ಟಿಕೋ, ತಣ್ಣಗಿವೆ.
ಮೊದಲೆಲ್ಲ ಮಾತಾಡುತ್ತ ಕಾಲು ಕುಣಿಸುತ್ತಿದ್ದೆ,
ಈಗಿಲ್ಲ. ನಿನಗೆ ಗೊತ್ತೇ ಆಗಿಲ್ಲ.
ಆ ಚಳಿಗಾಲ ಮುಗಿಯಿತೆಂದು ಅವಳಿಗೆ ಯಾರೂ ಹೇಳಿಲ್ಲ.

ಬಹಳ ಹೊತ್ತು ತನ್ನ ಕಾಲನ್ನೇ ನೋಡುತ್ತ ನಿಂತ,
ಮುಳ್ಳಿನ ಮೇಲೆ ನಿಂತಿದ್ದೇನೆ ಎಂಬುದೂ ಮರೆತು.

ಅಂದಿನಿಂದ ಎರಡು ಮಹಡಿ ಮೆಟ್ಟಿಲು, ಉಳಿದದ್ದಕ್ಕೆ ಲಿಫ್ಟು.
ಇಳಿಯುವಾಗ ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ.
ರೊಟ್ಟಿ ಮತ್ತೆ ಶುರು, ಆದರೆ ಅರ್ಧ.
ಜನವರಿಯ ಒಂದು ಬೆಳಿಗ್ಗೆ, ತೊಂಬತ್ತು.
"ಒಂದು ಕಿಲೋ! ಎಲ್ಲಿಗೆ ಹೋಯಿತು?"
ಜೇಬು ತಡವಿಕೊಂಡ, ಯಾರೋ ಕದ್ದರೇನೋ ಎಂಬಂತೆ.

ಅವನ ಬಾಯಿಂದ ಬಿಳಿ ಹಬೆ.
ಹೋಗ್ತಾ ಇದೆಯಲ್ಲ, ಈಗಲೂ, ಎಂದೆ.
ಕಾಣುತ್ತಿರುವುದು ನೀರು. ಅದರ ಜೊತೆ ಕಾಣದೆ ಹೋಗುವುದೇ ಹೆಚ್ಚು.
ಕರಗಿದ ಕೊಬ್ಬು ಹತ್ತರಲ್ಲಿ ಎಂಟು ಪಾಲು ಉಸಿರಾಗಿಯೇ ಹೊರಡುವುದು;
ಬೆವರಿನದೆಲ್ಲ ಬರೀ ಜಂಬ.

"ಹಾಗಾದರೆ ಅಷ್ಟೂ ಪಿಯಾನೋಗಳಿಗೆ ಸುಟ್ಟದ್ದು... ಗಾಳಿಗೆ?"
"ಗಾಳಿಗೇ. ಸ್ವಲ್ಪ ಆ ಚಿನಾರ್ ಮರ ತಿಂದಿರಬೇಕು, ಕೇಳು."

ಮರದಲ್ಲಿ ಒಂದು ಎಲೆ ಇರಲಿಲ್ಲ.
ಆದರೂ ತಲೆಯೆತ್ತಿ ನೋಡಿದ, ಬಾಕಿ ಉಳಿಸಿಕೊಂಡವನನ್ನು ನೋಡುವ ಹಾಗೆ.

ಮೂವತ್ತು ತೆತ್ರಿ ಇಟ್ಟು ಹೊರಟ.
ಕೂಗಿ ಕರೆದೆ. ಹತ್ತು ವಾಪಸು ಕೊಟ್ಟೆ:
ಸಂಜೆಗೆ ಮಂಡಿ ನೋಯುತ್ತದೆ,
ಲಿಫ್ಟಿಗೆ ಇಟ್ಟುಕೋ.