ಮೂರು ಮಾತ್ರೆ

ಕ್ವಿಲು ನದಿ ದಡದ ಆಸ್ಪತ್ರೆಯಲ್ಲಿ
ಮೊದಲೆಲ್ಲ ಸೂಜಿಯದೇ ದರ್ಬಾರು.
ಬೆನ್ನುಹುರಿಗೆ ಒಂದು; ಅದರ ನೀರಲ್ಲಿ ನಿದ್ದೆರೋಗದ ಹುಳು ಕಂಡರೆ
ನರಕ್ಕೆ ಇನ್ನೊಂದು, ಪಾಷಾಣ ಬೆರೆತದ್ದು.
ಮೈಯೊಳಗೆ ಮೆಣಸಿನಕಾಯಿ ಹರಿದ ಹಾಗೆ
ಅನ್ನುತ್ತಿದ್ದರು ಬದುಕಿದವರು.
ಬದುಕದವರ ಲೆಕ್ಕ
ನರ್ಸ್ ಮಬಿಯಾಲಾನ ಹಳೇ ನೋಟುಬುಕ್ಕಿನಲ್ಲಿದೆ.
ಆರನೇ ಹೆಸರು ಅವನ ತಮ್ಮನದು.
ಚುಚ್ಚಿದ ಕೈ ಇದೇ.

ಈಗ ಮೂರು ಮಾತ್ರೆ. ಒಂದೇ ಸಲ.
ಪೆಲಾಜಿ ಅಜ್ಜಿಗೆ ನಂಬಿಕೆಯಿಲ್ಲ:
"ನೋವೇ ಇಲ್ಲದ್ದು ಎಂಥಾ ಮದ್ದಯ್ಯ?
ಸೂಜಿ ಎಲ್ಲಿ ಬಚ್ಚಿಟ್ಟಿದ್ದೀ?"
ನುಂಗಿದಳು, ಬರೀ ನೀರಿಗೇ ಮುಖ ಕಿವುಚಿ.

ಹದಿನೆಂಟು ತಿಂಗಳು ಕಣ್ಣಿಡಬೇಕು ಅನ್ನುತ್ತದೆ ನಿಯಮ.
ಬೈಕು ಹತ್ತಿ ಹೋದರೆ
ಮಟಮಟ ಮಧ್ಯಾಹ್ನ, ಮರಗೆಣಸಿನ ಹೊಲದ ಬದಿ
ಅಂಗಾತ ಬಿದ್ದಿದ್ದಾಳೆ, ಬಾಯ್ತೆರೆದು.

ಹಗಲುನಿದ್ದೆ!
ಅವನೆದೆಯಲ್ಲಿ ಆರನೇ ಹೆಸರು ಎದ್ದು ಕೂತಿತು.
ಭುಜ ಹಿಡಿದು ಅಲುಗಿಸಿದ, ಅಲುಗಿಸಿದ.

ಕಣ್ಣು ಬಿಟ್ಟವಳೇ ಉಗಿದಳು:
"ಕೋಳಿ ಕೂಗೋ ಮೊದಲೇ ಗುದ್ದಲಿ ಹಿಡಿದವಳು ನಾನು.
ಮನುಷ್ಯರಿಗೆ ಸುಸ್ತಾಗಬಾರದೇನೋ, ಮುಠ್ಠಾಳ?"

ಅಲ್ಲೇ ಕುಕ್ಕರಗಾಲಲ್ಲಿ ಕೂತು
ನೋಟುಬುಕ್ಕು ತೆಗೆದ.
ಪೆನ್ನು ಎರಡು ಸಲ ಜಾರಿತು.
ನಿದ್ದೆ: ಮಾಮೂಲಿ, ಎಂದು ಬರೆದ.
ಬೈಗುಳ: ಜೋರಾಗಿದೆ.